ಲಿಫ್ಟರ್ ದಾಮಣ್ಣ ಮತ್ತು ನನ್ನ ಮೈಕು

ಶುಕ್ರವಾರ ಬೆಳಗ್ಗೆ ಮಸ್ಕತ್ತಿನ ಅಲ್ ಖುವೈರಿನ ನಮ್ಮ ಫ್ಲಾಟಿನಲ್ಲಿ ನಾನು ನೀರುದೋಸೆಯ ಮುಂದೆ ಕೂತಿದ್ದರೆ ಎದುರಿಗೆ ಮಗಳು ಮೊಬೈಲಿನ ಮುಂದೆ ಕೂತಿದ್ದಳು. ಅದರೊಳಗೆ ಅಮೆರಿಕದವರ ಫುಟ್‌ಬಾಲ್ ನಡೆಯುತ್ತಿತ್ತು. ಕಾಲಿಗಿಂತ ಕೈಗೇ ಹೆಚ್ಚು ಕೆಲಸವಿರುವ ಈ ಆಟಕ್ಕೆ ಆ ಹೆಸರಿಟ್ಟವರು ಯಾರೋ ನನಗೆ ಗೊತ್ತಿಲ್ಲ. ಹೆಲ್ಮೆಟ್ ಹಾಕಿದ, ವಯಸ್ಸಾದ ಒಬ್ಬ ಆಟಗಾರ ಚೆಂಡನ್ನು ಎಸೆದ. ಅದು ನೇರ ಎದುರಾಳಿಯ ಕೈಗೆ ಹೋಯಿತು. ಕೂಡಲೇ ಕೋಟು ತೊಟ್ಟ ನಾಲ್ಕು ಮಂದಿ ಮೇಜಿನ ಸುತ್ತ ಕೂತು ಅವನ ಧೈರ್ಯವನ್ನು ಕೊಂಡಾಡತೊಡಗಿದರು.

“ಕ್ವಾರ್ಟರ್‌ಬ್ಯಾಕ್ ಅಪ್ಪಾ. ಟೀಮಿನ ಬ್ರೇನ್,” ಎಂದಳು ಮಗಳು. “ಇವತ್ತು ಮೂರು ಸಲ ಬಾಲ್ ಅಪೋಸಿಟ್ ಟೀಮಿಗೆ ಕೊಟ್ಟಿದ್ದಾನೆ. ಸ್ಟಿಲ್, ಲೆಜೆಂಡ್ ಅಂತೆ. ದೇ ಆರ್ ಸೋ ಫೇಕ್!”

ನನಗೆ ಆ ಆಟದ ತಲೆಬುಡ ತಿಳಿಯುವುದಿಲ್ಲ. ಆದರೆ ಆ ಹೊಗಳಿಕೆ ಮಾತ್ರ ಪದಪದವೂ ಅರ್ಥವಾಯಿತು. ‘ಅಂಕಿಗಳಲ್ಲಿ ಕಾಣದ ಕೊಡುಗೆ’, ‘ಅವನಿದ್ದರೇ ತಂಡಕ್ಕೊಂದು ಧೈರ್ಯ’ ಎಂದು ಅವರು ಇಂಗ್ಲಿಷಿನಲ್ಲಿ ಹೇಳುತ್ತಿದ್ದುದನ್ನೆಲ್ಲ ನಾನು ವರ್ಷಗಳ ಹಿಂದೆಯೇ ಕನ್ನಡದಲ್ಲಿ ಹೇಳಿ ಮುಗಿಸಿದ್ದೆ. ಆ ಕೋಟಿನವರಿಗೆ ಸಂಬಳವಾದರೂ ಇರುತ್ತದೆ. ನನಗೆ ಸಿಗುತ್ತಿದ್ದುದು ಒಂದು ಶಾಲು, ಒಂದು ಲೆಮನ್ ಜ್ಯೂಸು.

ಹೌದು, ನಾನೊಬ್ಬ ವೀಕ್ಷಕ ವಿವರಣೆಗಾರನಾಗಿದ್ದೆ. ನಮ್ಮ ಕರಾವಳಿಯ ಕಡೆ ವಾಲಿಬಾಲ್ ಪಂದ್ಯವೆಂದರೆ ನೆಟ್ ಇಲ್ಲದಿದ್ದರೂ ಹಗ್ಗ ಕಟ್ಟಿ ಸುಧಾರಿಸಬಹುದು, ಮೈಕ್ ಇಲ್ಲದಿದ್ದರೆ ಪಂದ್ಯವೇ ಇಲ್ಲ. ಆ ಪದ್ಧತಿಯನ್ನು ನಾವು ಉಪ್ಪಿನಕಾಯಿ ಭರಣಿಯ ಜೊತೆಗೇ ಮಸ್ಕತ್ತಿಗೂ ತಂದೆವು. ಚಳಿಗಾಲದ ಶುಕ್ರವಾರ, ಇಳಿಹೊತ್ತಿನ ಅಸರ್ ನಮಾಜು ಮುಗಿದ ಮೇಲೆ, ಕಟ್ಟಡಗಳ ಹಿಂದಿನ ಜಲ್ಲಿ ಮೈದಾನದಲ್ಲಿ ಆಟ ಶುರುವಾಗುತ್ತಿತ್ತು. ವಾರವಿಡೀ ಇನ್ಶೂರೆನ್ಸ್ ಆಫೀಸಿನಲ್ಲಿ ‘ತಮ್ಮ ಪತ್ರ ತಲುಪಿದೆ’ ಎಂದು ಬರೆದು ಬರೆದು ಸೊರಗಿದ ನನ್ನ ಭಾಷೆ ಅಂದು ಮೈಕ್ ಕಂಡೊಡನೆ ಮದುಮಗನಂತೆ ಸಿಂಗರಿಸಿಕೊಂಡು ಹೊರಡುತ್ತಿತ್ತು. ನಿಜ ಹೇಳುತ್ತೇನೆ, ಆಟಕ್ಕಿಂತ ನನ್ನ ದನಿಯೇ ನನಗೆ ಹೆಚ್ಚು ಇಷ್ಟವಾಗಿತ್ತು.

ನನ್ನ ಹೊಗಳಿಕೆಗೆ ಸಿಕ್ಕಿಬಿದ್ದವರು ದಾಮಣ್ಣ. ಕಾರ್ಕಳದ ಕಡೆಯವರು, ಒಂದು ಟೈಲ್ಸ್ ಕಂಪನಿಯಲ್ಲಿ ಸ್ಟೋರ್‌ಕೀಪರ್. ನಮ್ಮ ತಂಡದ ಲಿಫ್ಟರ್. ವಾಲಿಬಾಲ್ ಗೊತ್ತಿಲ್ಲದವರಿಗೆ ಹೇಳುವುದಾದರೆ, ನೆಟ್ಟಿನ ಬಳಿ ನಿಂತು ಹೊಡೆಯುವವನ ಕೈಗೆ ಸರಿಯಾಗಿ ಚೆಂಡನ್ನು ಎತ್ತಿಕೊಡುವವನೇ ಲಿಫ್ಟರ್. ಅಡುಗೆಯೆಲ್ಲ ಅವನದು, ಬಡಿಸಿ ಹೆಸರು ತೆಗೆದುಕೊಳ್ಳುವುದು ಹೊಡೆಯುವವನು. ಒಂದು ಕಾಲದಲ್ಲಿ ದಾಮಣ್ಣ ನಿಜಕ್ಕೂ ಅದ್ಭುತ ಲಿಫ್ಟರ್ ಆಗಿದ್ದರು. ಆದರೆ ನಾನು ಹೇಳುತ್ತಿರುವುದು ಆ ಕಾಲದ ಮಾತಲ್ಲ. ಅವರ ವಯಸ್ಸು ಐವತ್ತರ ಹತ್ತಿರ ಬಂದು, ಎಡ ಮೊಣಕಾಲಿನ ಪಟ್ಟಿ ತೊಡೆಯವರೆಗೂ ಏರಿದ ಮೇಲಿನ ಮಾತು.

ನಾನು ಕುಮಟಾದಿಂದ ಹೊಸದಾಗಿ ಬಂದಾಗ ಎರಡು ತಿಂಗಳು ಅವರ ಮನೆಯ ಸೋಫಾದ ಮೇಲೆ ಮಲಗಿದ್ದೆ, ಅವರ ಹೆಂಡತಿ ಮಾಡಿದ ಅಂಜಲ್ ಮೀನಿನ ಸಾರು ಉಂಡಿದ್ದೆ. ಹಾಗಾಗಿ ನನ್ನ ಹೊಗಳಿಕೆಯಲ್ಲಿ ಸ್ವಲ್ಪ ಸಾರಿನ ಋಣವೂ ಇತ್ತೆನ್ನಿ. ಆದರೆ ಋಣ ತೀರಿಸಲಿಕ್ಕೂ ಒಂದು ಮಿತಿ ಇರಬೇಕಿತ್ತು.

ಅವರು ಚೆಂಡಿನ ಹಿಂದೆ ಓಡಲಾರದೆ ನಿಂತರೆ ನಾನು, “ದಾಮಣ್ಣ ಓಡುವವರಲ್ಲ, ಚೆಂಡನ್ನು ಓಡಿಸುವವರು!” ಎನ್ನುತ್ತಿದ್ದೆ. ಚೆಂಡು ಎರಡು ಸಲ ಬೆರಳಿಗೆ ತಾಗಿ ರೆಫರಿ ಸೀಟಿ ಊದಿದರೆ, “ಆ ಬೆರಳುಗಳ ಸೂಕ್ಷ್ಮವನ್ನು ಅರಿಯಲು ರೆಫರಿಗೂ ಅನುಭವ ಬೇಕು” ಎನ್ನುತ್ತಿದ್ದೆ. ಗೆರೆಯ ಒಳಗೆ, ಮೊಳದಷ್ಟು ಒಳಗೆ, ಬಿದ್ದ ಚೆಂಡನ್ನು ನೋಡುತ್ತಾ ನಿಂತರೆ, “ಔಟಾಗುವ ಚೆಂಡೆಂದು ಬುದ್ಧಿವಂತಿಕೆಯಿಂದ ಬಿಟ್ಟಿದ್ದಾರೆ” ಎಂದದ್ದೂ ಉಂಟು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ದಾಮಣ್ಣ ಒಂದು ದಿನವೂ ನೆಲವನ್ನು ದೂರಿದವರಲ್ಲ. ಅವರ ಪರವಾಗಿ ಆ ಕೆಲಸವನ್ನು ನಾನೇ ಮೈಕಿನಲ್ಲಿ ಮಾಡುತ್ತಿದ್ದೆ.

ಬೆಂಚಿನ ಮೇಲೆ ಇನ್ನೊಬ್ಬ ಲಿಫ್ಟರ್ ಇದ್ದ. ಹೆಸರು ಸಿದ್ದಪ್ಪ, ಬಾಗಲಕೋಟೆ ಕಡೆಯವನು, ರುಸೈಲಿನ ಫ್ಯಾಕ್ಟರಿಯೊಂದರಲ್ಲಿ ಮಷೀನ್ ಆಪರೇಟರ್. ಮೂವತ್ತರ ಆಸುಪಾಸಿನ, ಮಾತು ಕಡಿಮೆಯ ಮನುಷ್ಯ. ಶಿಫ್ಟ್ ಮುಗಿಸಿ, ಯಾರದೋ ವ್ಯಾನು ಹಿಡಿದು ಬಂದು, ಪಂದ್ಯಕ್ಕೆ ಮೊದಲು ನಮ್ಮ ಹುಡುಗರಿಗೆಲ್ಲ ಚೆಂಡು ಎತ್ತಿಕೊಟ್ಟು ಮೈ ಬೆಚ್ಚಗೆ ಮಾಡಿಸುತ್ತಿದ್ದ. ಆ ಹೊತ್ತಿನಲ್ಲಿ ನಾನು ‘ಹಲೋ, ಹಲೋ, ಮೈಕ್ ಟೆಸ್ಟಿಂಗ್’ನಲ್ಲಿ ಮುಳುಗಿರುತ್ತಿದ್ದೆ. ಪಂದ್ಯ ಶುರುವಾದರೆ ಅವನು ಬೆಂಚಿಗೆ. “ಸಿದ್ದ ಎತ್ತಿದ ಬಾಲು ಕೈಗೇ ಬರ್ತದೆ ಮಾರಾಯ್ರೇ, ಹುಡುಕುದೇ ಬೇಡ,” ಎಂದು ನಮ್ಮ ಹೊಡೆಯುವ ಹುಡುಗರು ಗೊಣಗುತ್ತಿದ್ದರು. ಮೈಕಿನ ಮುಂದೆ ಗೊಣಗಾಟ ಕೇಳಿಸುವುದಿಲ್ಲ.

ಅವನ ಕಾಂಟ್ರ್ಯಾಕ್ಟ್ ಮುಗಿಯುವ ವರ್ಷವದು. ಆ ಚಳಿಗಾಲದ ಟೂರ್ನಮೆಂಟಿನ ಫೈನಲ್ ಮುಗಿದ ಮರುತಿಂಗಳು ಊರಿಗೆ ಹೊರಡುವವನಿದ್ದ. ಫೈನಲ್ ದಿನ ನನ್ನ ಮೇಜಿನ ಹತ್ತಿರ ಬಂದು, “ಸರ, ಇವತ್ತರ ಆಡಸ್ತಾರೇನ್ರಿ? ಒಂದ್ ಮ್ಯಾಚ್ ಪೂರಾ ಆಡಿ ಹೋಗಬೇಕಂತ ಆಸೆ ಐತ್ರಿ,” ಎಂದ.

“ಫೈನಲ್ ಅಲ್ವಾ ಸಿದ್ದಪ್ಪ, ಅನುಭವ ಬೇಕಾಗ್ತದೆ,” ಎಂದೆ ನಾನು, ತಂಡ ಆರಿಸುವವನು ನಾನೇ ಎಂಬಂತೆ.

“ಬೆಂಚಿನ ಮ್ಯಾಲ ಕುಂತ್ರ ಅನುಭವ ಹ್ಯಾಂಗ ಬರತೈತ್ರಿ ಸರ?”

ನಾನು ಮೈಕಿನ ವಯರ್ ಸರಿಪಡಿಸತೊಡಗಿದೆ. ನಮ್ಮ ತಂಡದ ಮ್ಯಾನೇಜರ್ ಶೇಖರಣ್ಣನನ್ನೂ ಅವನು ಕೇಳಿದ್ದನಂತೆ. “ನೀವು ಮೈಕಿನಲ್ಲಿ ಅಷ್ಟು ಅಟ್ಟಕ್ಕೇರಿಸಿದ ಮೇಲೆ ನಾನು ಇಳಿಸಿದ್ರೆ ಜನ ನನ್ನನ್ನೇ ಬೈತಾರೆ,” ಎಂದು ಶೇಖರಣ್ಣ ನನ್ನ ಮುಖಕ್ಕೇ ಹೇಳಿದರು.

ಹಾಗಾದರೆ ದಾಮಣ್ಣನಿಗೆ ನೇರವಾಗಿ ‘ಸಾಕು’ ಎಂದು ಹೇಳಬಹುದಿತ್ತಲ್ಲ ಎಂದು ನೀವು ಕೇಳಬಹುದು. ಊರಿನಲ್ಲಾದರೆ ಹೇಳಬಹುದು ಸ್ವಾಮಿ. ಇಲ್ಲಿ ನಮ್ಮ ಬಾಯಲ್ಲಿ ‘ಬೀಳ್ಕೊಡುಗೆ’ ಎಂಬ ಶಬ್ದ ಹೊರಟರೆ ಕೇಳಿದವರ ಎದೆ ಧಸಕ್ಕೆನ್ನುತ್ತದೆ. ಕೆಲಸ ಹೋಯಿತೇ, ವೀಸಾ ಕ್ಯಾನ್ಸಲ್ಲಾಯಿತೇ ಎಂದೇ ಅರ್ಥ. ಆದ್ದರಿಂದ ನಾವು ಬೀಳ್ಕೊಡುವ ಬದಲು ಸನ್ಮಾನ ಮಾಡುತ್ತಿದ್ದೆವು. ಮೂರು ಚಳಿಗಾಲ, ಮೂರು ಸನ್ಮಾನ. ಪೇಟ, ಶಾಲು, ಹಣ್ಣಿನ ಬುಟ್ಟಿ. ಇಷ್ಟಾದರೂ ಇವರಿಗೆ ತಿಳಿಯಬಾರದೇ ಎಂದು ನಾವು. ಇಷ್ಟು ಪ್ರೀತಿಯಿಂದ ಇರು ಎನ್ನುವವರನ್ನು ಬಿಟ್ಟು ಹೋಗುವುದು ಹೇಗೆ ಎಂದು ಅವರು.

ಇದು ನನಗೆ ತಿಳಿದದ್ದು ಆ ಫೈನಲ್‌ನಲ್ಲಿ. ಮೊದಲ ಸೆಟ್ಟನ್ನು ಹೀನಾಯವಾಗಿ ಸೋತೆವು. ವಿರಾಮದಲ್ಲಿ ದಾಮಣ್ಣ ಕುಂಟುತ್ತಾ ನನ್ನ ಮೇಜಿಗೆ ಬಂದು ಮೈಕಿನ ತಲೆಯನ್ನು ಅಂಗೈಯಲ್ಲಿ ಮುಚ್ಚಿದರು. ಅವರ ಮನೆಮಾತು ತುಳು, ನನಗೆ ಅದು ಬಾರದು, ಹಾಗಾಗಿ ನಾವಿಬ್ಬರೂ ಮಾತಾಡುತ್ತಿದ್ದುದು ಕನ್ನಡದಲ್ಲೇ.

“ನೀನೊಮ್ಮೆ ಹೇಳಿಬಿಡು ಮಾರಾಯ, ದಾಮಣ್ಣನಿಗೆ ಆಗುದಿಲ್ಲ, ಸಿದ್ದಪ್ಪ ಆಡ್ತಾನೆ ಅಂತ. ನಾನು ಹೇಳಿದ್ರೆ ಯಾರೂ ಕೇಳುದಿಲ್ಲ. ಮೂರು ವರ್ಷದಿಂದ ಹೇಳ್ತಾ ಇದ್ದೇನೆ. ಛೆ ಛೆ, ನೀವಿಲ್ಲದೆ ಆಗ್ತದಾ ಅಂತಾರೆ. ಕಾಲು ಬೆಂಕಿಯ ಹಾಗೆ ಉರೀತಾ ಉಂಟು.”

ಅಷ್ಟರಲ್ಲಿ ಸಿದ್ದಪ್ಪ ಟ್ರ್ಯಾಕ್‌ಪ್ಯಾಂಟ್ ಕಳಚಿ, ಶೂ ಲೇಸು ಬಿಗಿಮಾಡಿ, ಗೆರೆಯ ಬಳಿ ಬಂದು ನಿಂತಿದ್ದ. ದಾಮಣ್ಣ ಕೇಳಿದ್ದು ಒಂದೇ ಒಂದು ವಾಕ್ಯ. ನಾನು ಮೈಕ್ ಎತ್ತಿದೆ.

ಏನು ಹೇಳಿದೆ ಗೊತ್ತೇ? “ಕ್ರೀಡಾಭಿಮಾನಿಗಳೇ! ತನ್ನ ನೋವನ್ನು ನುಂಗಿ, ಕಿರಿಯನೊಬ್ಬನಿಗಾಗಿ ತನ್ನ ಸ್ಥಾನವನ್ನೇ ತ್ಯಾಗ ಮಾಡಲು ಮುಂದಾಗಿರುವ ಈ ಮಹಾನ್ ಆಟಗಾರನನ್ನು ನೋಡಿ! ಇಂಥವರನ್ನು ಹೊರಗೆ ಕೂರಿಸಲು ನಮ್ಮ ಮನಸ್ಸು ಒಪ್ಪೀತೇ?” ಕೊನೆಯ ವಾಕ್ಯ ನನಗೆ ಬೇಕಿರಲಿಲ್ಲ. ಲಯಕ್ಕೆ ಬೇಕಿತ್ತು, ಬಂದುಬಿಟ್ಟಿತು.

ಮೈದಾನದ ಸುತ್ತಲಿನ ಜನ ಎದ್ದು ನಿಂತರು. “ದಾಮಣ್ಣ! ದಾಮಣ್ಣ!” ಎಂಬ ಕೂಗು. ನಾಲ್ಕು ಜನ ಹೋಗಿ ಅವರ ಭುಜ ಹಿಡಿದು ಅಂಕಣಕ್ಕೆ ಕರೆತಂದು ಬಿಟ್ಟರು. ಶೇಖರಣ್ಣ ಸಿದ್ದಪ್ಪನಿಗೆ ಕೂತುಕೊಳ್ಳಲು ಕೈ ಸನ್ನೆ ಮಾಡಿದರು. ಅವನು ಮತ್ತೆ ಟ್ರ್ಯಾಕ್‌ಪ್ಯಾಂಟ್ ಹಾಕಿಕೊಂಡ. ಎರಡನೆಯ ಸೆಟ್ಟನ್ನೂ, ಕಪ್ಪನ್ನೂ ಸೋತೆವು. ಹೊರಡುವಾಗ ದಾಮಣ್ಣ ನನ್ನ ಮುಖ ನೋಡದೆ, “ಒಂದು ವಾಕ್ಯ ಕೇಳಿದ್ದು ನಿನ್ನ ಹತ್ರ,” ಎಂದಷ್ಟೇ ಹೇಳಿದರು. ಮರುವಾರ ಡಾಕ್ಟರರು ಅವರ ಕೈಗೆ ಊರುಗೋಲು ಕೊಟ್ಟರು.

ನಾಚಿಕೆಯಾಗಿ ಸುಮ್ಮನಾದೆ ಎಂದುಕೊಂಡಿರಾ? ಫೈನಲ್ ಮುಗಿದ ರಾತ್ರಿಯೇ ವಾಟ್ಸಾಪ್ ಗುಂಪಿಗೆ ‘ಸೋಲಿನಲ್ಲೂ ಅರಳಿದ ತ್ಯಾಗ’ ಎಂಬ ತಲೆಬರಹದಲ್ಲಿ ಉದ್ದದ ವರದಿ ಹಾಕಿದೆ. ಅದಕ್ಕೆ ಮೊದಲು ಹೆಬ್ಬೆರಳು ಎತ್ತಿದವನು ಸಿದ್ದಪ್ಪ. ಅದನ್ನು ನೋಡಿದಾಗ ಕೆನ್ನೆಗೆ ಹೊಡೆದ ಹಾಗಾಯಿತು. ಮುಂದಿನ ತಿಂಗಳು ಅವನು ಊರಿಗೆ ಹೋದ. ಅದರ ಮರುವರ್ಷ ಮೈಕನ್ನು ನಾನೇ ಬೇರೆಯವರಿಗೆ ಒಪ್ಪಿಸಿದೆ. ಅವರು ನನಗೂ ಒಂದು ಸನ್ಮಾನ ಮಾಡಿದರು, ಮಾಡದೆ ಇರುತ್ತಾರೆಯೇ.

ಇದನ್ನೆಲ್ಲ ಮಗಳಿಗೆ ಹೇಳಿ ಮುಗಿಸುವಷ್ಟರಲ್ಲಿ ದೋಸೆ ಆರಿ ಹೋಗಿತ್ತು. ಅವಳು ನಗುತ್ತಾಳೆ ಎಂದುಕೊಂಡಿದ್ದೆ, ನಗಲಿಲ್ಲ. ಮೊಬೈಲನ್ನು ಬೋರಲು ಹಾಕಿ ಕೇಳಿದಳು.

“ಆ ಸಿದ್ದಪ್ಪ ಅಂಕಲ್ ರಿಯಲಿ ಚೆನ್ನಾಗಿ ಆಡ್ತಿದ್ರಾ, ಅಪ್ಪಾ?”

ಬಾಯಿ ತೆರೆದೆ. ಎಷ್ಟೊಂದು ವಿಶೇಷಣಗಳು ನಾಲಿಗೆಯ ಮೇಲೆ ಸಾಲುಗಟ್ಟಿ ನಿಂತವು. ಬೆರಳಿನಲ್ಲಿ ಮಾಯೆ ಇತ್ತು ಎನ್ನಬಹುದಿತ್ತು, ತೆರೆಮರೆಯ ಪ್ರತಿಭೆ ಎನ್ನಬಹುದಿತ್ತು, ಅವಳೂ ನಂಬುತ್ತಿದ್ದಳು.

“ಗೊತ್ತಿಲ್ಲ ಮಗಾ,” ಎಂದೆ. “ನಾನು ನೋಡಲೇ ಇಲ್ಲ.”