ಚಿಕ್ಕ ಪದಗಳ ಮಲ್ಲೇಶಪ್ಪ ಮೇಷ್ಟ್ರು

ಇಂಗ್ಲಿಷ್ ಕಲಿಸುವಾಗ ಮಲ್ಲೇಶಪ್ಪ ಮೇಷ್ಟ್ರ ಬಲಗೈ ಸುಮ್ಮನಿರುತ್ತಿರಲಿಲ್ಲ. ಮುಷ್ಟಿ ಕಟ್ಟಿ ಮೇಜಿನ ಮೇಲಿಟ್ಟರೆ ಅದು ‘ಗೆಟ್’. ಮುಷ್ಟಿ ಮೇಲೆದ್ದರೆ ‘ಗೆಟ್ ಅಪ್’, ಮೇಜಿನ ಅಂಚು ದಾಟಿ ಕೆಳಗಿಳಿದರೆ ‘ಗೆಟ್ ಆಫ್’, ಎಡಗೈಯನ್ನು ಗೋಡೆಯಂತೆ ನಿಲ್ಲಿಸಿ ಅದರ ಮೇಲಿಂದ ಹಾರಿಸಿದರೆ ‘ಗೆಟ್ ಓವರ್’.

“ನಮ್ಮಲ್ಲಿ ಏಳಕ್ಕೊಂದು ಪದ, ಇಳಿಯಕ್ಕೊಂದು ಪದ, ದಾಟಕ್ಕೊಂದು ಪದ. ಇಂಗ್ಲಿಷಿನೋರು ಜಿಪುಣ್ರು ಕಣ್ರಮ್ಮಾ. ಒಂದೇ ಕ್ರಿಯಾಪದ ಇಟ್ಕಂಡು ಬಾಲ ಬದಲಾಯಿಸ್ತಾ ಓಯ್ತಾರೆ. ನೀವು ತಲೆ ನೋಡಿ ಮೋಸ ಓಗಬ್ಯಾಡಿ, ಬಾಲ ನೋಡಿ” ಅನ್ನುತ್ತಿದ್ದರು.

ಇದು ಅವರ ಕೊನೆಯ ವರ್ಷಗಳ ಮಾತು. ಚನ್ನರಾಯಪಟ್ಟಣದ ಹೈಸ್ಕೂಲಿನಲ್ಲಿ ನಾನು ಅವರ ವಿದ್ಯಾರ್ಥಿನಿಯಾಗಿದ್ದಾಗ ಈ ಮುಷ್ಟಿ ಇರಲಿಲ್ಲ. ಆಗ ಅವರದು ಬರೀ ವ್ಯಾಕರಣ. ಕಾಲಗಳು, ಕರ್ತರಿ, ಕರ್ಮಣಿ. ಕ್ರಿಯಾಪದದ ಹಿಂದೆ ಬರುವ ಚಿಕ್ಕ ಪದಗಳ ಪಟ್ಟಿ ಪುಸ್ತಕದ ಕೊನೆಯಲ್ಲಿತ್ತು. “ಅದು ಪರೀಕ್ಷೆಗೆ ಒಂದೋ ಎರಡೋ ಮಾರ್ಕ್ಸಿಗೆ ಬತ್ತದೆ, ಬಾಯಿಪಾಠ ಮಾಡ್ಕಳಿ” ಎಂದು ಪುಟ ಮಗುಚಿಬಿಡುತ್ತಿದ್ದರು.

ಅವರ ಮನೆ ನಮ್ಮ ಬೀದಿಯಲ್ಲೇ ಇತ್ತು. ಹೆಂಡತಿ ತೀರಿಕೊಂಡಿದ್ದರು, ಒಬ್ಬಳೇ ಮಗಳನ್ನು ಅರಕಲಗೂಡಿಗೆ ಕೊಟ್ಟಿದ್ದರು. ಬೀದಿಗೆ ಬಂದ ಇಂಗ್ಲಿಷ್ ಕಾಗದವೆಲ್ಲ ಅವರ ಜಗಲಿ ಹತ್ತುತ್ತಿತ್ತು. ಮಿಕ್ಸಿಯ ಜತೆ ಬಂದ ಚೀಟಿ, ಔಷಧಿ ಡಬ್ಬಿ, ವಿಮೆಯ ಪತ್ರ, ಯಾವುದನ್ನೂ ಅವರು ಬೇಡವೆನ್ನುತ್ತಿರಲಿಲ್ಲ. ಕನ್ನಡಕವನ್ನು ಅಂಗಿಯ ತುದಿಯಲ್ಲಿ ಒರೆಸಿಕೊಂಡು, ಕಾಗದವನ್ನು ಮೊದಲು ತಾವೊಬ್ಬರೇ ಪೂರ್ತಿ ಓದಿ, ಆಮೇಲೆ ತೀರ್ಪು ಕೊಟ್ಟಂತೆ ಕನ್ನಡದಲ್ಲಿ ಹೇಳುತ್ತಿದ್ದರು. ಅವರು ಹೇಳಿದ ಮೇಲೆ ಇನ್ನೊಬ್ಬರನ್ನು ಕೇಳುವ ಪದ್ಧತಿ ನಮ್ಮ ಬೀದಿಯಲ್ಲಿರಲಿಲ್ಲ.

ನಾನು ಹತ್ತನೇ ತರಗತಿಯಲ್ಲಿದ್ದಾಗ ನನ್ನ ಅವ್ವನ ಎದೆಯಲ್ಲಿ ಒಂದು ಗಂಟು ಕಾಣಿಸಿಕೊಂಡಿತು. ಅವ್ವ ಜಯಮ್ಮ ಅಂಗನವಾಡಿಯಲ್ಲಿ ಸಹಾಯಕಿ, ಅಪ್ಪ ಖಾಸಗಿ ಬಸ್ಸಿನ ಚಾಲಕ. ಅಪ್ಪ ಅವ್ವನನ್ನು ಹಾಸನಕ್ಕೆ ಕರೆದುಕೊಂಡು ಹೋಗಿ ಸ್ಕ್ಯಾನ್ ಮಾಡಿಸಿದರು. ಬಂದ ಕಾಗದವನ್ನು ಅದೇ ಸಂಜೆ ಮೂವರೂ ಮೇಷ್ಟ್ರ ಹತ್ತಿರ ಒಯ್ದೆವು. ಅವರು ಎಂದಿನಂತೆ ಓದಿದರು. ಕೊನೆಯ ಸಾಲಿನ ಕೆಳಗೆ ಬೆರಳಿಟ್ಟರು.

“ನೋಡವ್ವ, ‘ಬಯಾಪ್ಸಿ ಟು ರೂಲ್ ಔಟ್ ಮಲಿಗ್ನೆನ್ಸಿ’ ಅಂತ ಬರದವ್ರೆ. ಮಲಿಗ್ನೆನ್ಸಿ ಅಂದ್ರೆ ಕ್ಯಾನ್ಸರು. ರೂಲ್ ಔಟ್ ಅಂದ್ರೆ ಅದು ಇಲ್ಲ ಅಂತ. ಧೈರ್ಯವಾಗಿರು.”

ಅವ್ವ ಮೂರು ದಿನದಿಂದ ಹಿಡಿದಿಟ್ಟಿದ್ದ ಅಳುವನ್ನು ಅಲ್ಲೇ ಅತ್ತು, ಅಳುತ್ತಲೇ ನಕ್ಕಳು. ಮಾರನೆಯ ದಿನ ಅವರಿಗೊಂದು ಡಬ್ಬಿ ತುಂಬ ಕೊಬ್ಬರಿ ಮಿಠಾಯಿ ಮಾಡಿ ಕಳಿಸಿದಳು. ನಾವು ಮತ್ತೆ ಹಾಸನಕ್ಕೆ ಹೋಗಲಿಲ್ಲ.

ಹೋದದ್ದು ಎಂಟು ತಿಂಗಳ ಮೇಲೆ, ಅವ್ವನಿಗೆ ಎಡಗೈ ಎತ್ತಲಾಗದಂತಾದಾಗ. ಡಾಕ್ಟರು ಹಳೆಯ ಕಾಗದ ಬಿಡಿಸಿ ಓದಿದರು. ಕ್ಯಾನ್ಸರ್ ಇಲ್ಲವೆಂದು ಖಚಿತಪಡಿಸಿಕೊಳ್ಳಲು ತುಣುಕು ತೆಗೆದು ಪರೀಕ್ಷೆ ಮಾಡಿಸಿ ಎಂದು ಅದರಲ್ಲಿ ಬರೆದಿತ್ತು. ಮಾಡಿಸಬೇಕಾದ ಪರೀಕ್ಷೆಯನ್ನು ಮೇಷ್ಟ್ರು ಮುಗಿದ ಪರೀಕ್ಷೆಯೆಂದು ಓದಿದ್ದರು. “ಇದನ್ನ ಯಾರು ಓದಿ ಹೇಳಿದ್ದು?” ಎಂದು ಡಾಕ್ಟರು ಕೇಳಿದಾಗ ಅಪ್ಪ ನೆಲ ನೋಡಿದರು.

ನಾವು ಮೇಷ್ಟ್ರಿಗೆ ಏನೂ ಹೇಳಲಿಲ್ಲ. ಅವ್ವ ಹಾಸಿಗೆ ಹಿಡಿದ ಸುದ್ದಿ ಕೇಳಿ ಅವರೇ ಕಿತ್ತಳೆ ಹಣ್ಣು ಹಿಡಿದುಕೊಂಡು ಬಂದರು. ಫೈಲು ಕೇಳಿದರು. ನಾನು ಕೊಟ್ಟೆ. ಬೇಕೆಂದೇ ಹಳೆಯ ಕಾಗದವನ್ನು ಮೇಲಿಟ್ಟು ಕೊಟ್ಟೆ. ಅವರು ಕಿಟಕಿಯ ಹತ್ತಿರ ನಿಂತು ಓದಿದರು, ಮತ್ತೊಮ್ಮೆ ಓದಿದರು. ಆಮೇಲೆ ಬಂದು ಅವ್ವನ ಮಂಚದ ಪಕ್ಕ ನೆಲದ ಮೇಲೆ ಕೂತರು. ನಮ್ಮ ಮನೆಯಲ್ಲಿ ಅವರು ಕುರ್ಚಿ ಬಿಟ್ಟು ಕೂತದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ.

“ಜಯಮ್ಮ, ನಾನು ತಪ್ಪು ಓದ್ಬುಟ್ಟೆ.”

ಅವ್ವ ಕಣ್ಣು ಮುಚ್ಚಿಕೊಂಡೇ ಹೇಳಿದಳು: “ಬುಡಿ ಸಾ. ನಮ್ಗೇ ಓದಕ್ಕೆ ಬಂದಿದ್ರೆ ನಿಮ್ಮತ್ರ ಯಾಕ್ ಬತ್ತಿದ್ವಿ?”

ಅವಳು ಸಮಾಧಾನಕ್ಕೆಂದು ಹೇಳಿದ ಮಾತು ಅದು. ಮೇಷ್ಟ್ರ ಮುಖ ನೋಡಿದರೆ ಅದಕ್ಕಿಂತ ಬೈಗುಳವೇ ವಾಸಿ ಅನ್ನಿಸುತ್ತಿತ್ತು. ಅಪ್ಪ ಎದ್ದು ಹೊರಗೆ ಹೋದರು. ಆ ದಿನದಿಂದ ಅವರು ಮೇಷ್ಟ್ರ ಜತೆ ಒಂದು ಮಾತೂ ಆಡಲಿಲ್ಲ. ಯುಗಾದಿಗೆ ಹದಿನೈದು ದಿನ ಇರುವಾಗ ಅವ್ವ ಹೋದಳು.

ಮರುವರ್ಷ ಮೇಷ್ಟ್ರು ನಿವೃತ್ತರಾದರು. ಭಾನುವಾರದ ಪಾಠ ಶುರುವಾದದ್ದು ಆಗ. ತಮ್ಮ ಮನೆಯ ನಡುಮನೆಯಲ್ಲಿ ಚಾಪೆ ಹಾಸಿ, ನರ್ಸಿಂಗ್ ಓದುವ ಹುಡುಗಿಯರು, ಔಷಧಿ ಅಂಗಡಿಯವರು, ಆಶಾ ಕಾರ್ಯಕರ್ತೆಯರು, ಯಾರು ಬಂದರೂ ಕೂರಿಸಿ ಆ ಚಿಕ್ಕ ಪದಗಳನ್ನೇ ಕಲಿಸಿದರು. ನುಗ್ಗೇಹಳ್ಳಿಯಿಂದ ಬಸ್ಸು ಹತ್ತಿ ಬರುವವರಿದ್ದರು. ಅರವತ್ತು ದಾಟಿದ ಮೇಲೆ ಅವರು ಮತ್ತೆ ವಿದ್ಯಾರ್ಥಿಯಂತೆ ನಿಘಂಟು ಹಿಡಿದು ಕೂತಿದ್ದರು. “‘ಲುಕ್ ಅಪ್ ದಿ ಟ್ರೀ’ ಅಂದ್ರೆ ಮರದ ಮೇಲಕ್ಕೆ ನೋಡು. ‘ಲುಕ್ ಅಪ್ ದಿ ವರ್ಡ್’ ಅಂದ್ರೆ ಪದಾನ ನಿಘಂಟಲ್ಲಿ ಹುಡುಕು. ಮೊದಲನೇದ್ರಲ್ಲಿ ‘ಅಪ್’ ಮರದ ಕಡೆಯೋನು, ಎರಡನೇದ್ರಲ್ಲಿ ಕ್ರಿಯಾಪದದ ಕಡೆಯೋನು. ಯಾವ ಕಡೆಯೋನು ಅಂತ ವಿಚಾರಿಸ್ದೆ ಅರ್ಥ ಹೇಳಬ್ಯಾಡಿ.”

ಅಪ್ಪನಿಗೆ ತಿಳಿಯದಂತೆ ನಾನೂ ಹೋದೆ. ಕಲಿಯಲು ಹೋದೆ ಎಂದು ಹೇಳಲಾರೆ. ಮೂರನೇ ಭಾನುವಾರ, ಇಪ್ಪತ್ತು ಜನರ ಹಿಂದೆ ಎದ್ದು ನಿಂತು ಕೇಳಿದೆ: “ಸಾ, ರೂಲ್ ಔಟ್ ಅಂದ್ರೇನು?”

ಮೇಷ್ಟ್ರ ಮುಷ್ಟಿ ಮೇಜಿನ ಮೇಲೆ ಬಿಚ್ಚಿಕೊಂಡಿತು. ಅವರು ನನ್ನನ್ನು ನೋಡಿದರು. ತಪ್ಪಿಸಿಕೊಳ್ಳಲಿಲ್ಲ.

“ಇಲ್ಲ ಅಂತ ತೀರ್ಮಾನ ಮಾಡೋದು. ಆದ್ರೆ ಅದರ ಮುಂದೆ ‘ಟು’ ಇದ್ರೆ, ತೀರ್ಮಾನ ಇನ್ನೂ ಆಗಿಲ್ಲ, ಪರೀಕ್ಷೆ ಮಾಡ್ಸಿ ಅಂತ. ನಾನು ಆಗಿದೆ ಅಂತ ಓದ್ದೆ. ಎದ್ದು ನಿಂತವ್ಳಲ್ಲ, ಈ ಮಗೀನ ತಾಯಿ ಅದ್ರಿಂದ ತೀರ್ಕಂಡ್ರು. ಎಲ್ಲಾ ಬರ್ಕಳಿ.”

ಯಾರೂ ಬರೆದುಕೊಳ್ಳಲಿಲ್ಲ. ಗೆಲ್ಲಲು ಹೋಗಿದ್ದ ನನಗೆ ಅಳು ಬಂತು. ಪಾಠ ಮುಗಿದ ಮೇಲೆ ಅವರು ಬಾಗಿಲವರೆಗೆ ಬಂದು, “ಬರೋ ವಾರಾನೂ ಬಾ” ಎಂದರು. ನಾಲ್ಕು ವರ್ಷ ಹೋದೆ. ಈಗ ಹಾಸನದ ಒಂದು ಪ್ರಯೋಗಾಲಯದಲ್ಲಿ ರಿಪೋರ್ಟು ಟೈಪು ಮಾಡುವ ಕೆಲಸದಲ್ಲಿದ್ದೇನೆ. ದಿನಕ್ಕೆ ಹತ್ತು ಸಲವಾದರೂ ಆ ಎರಡು ಪದ ಕೈಗೆ ಬರುತ್ತವೆ. ಪ್ರತಿ ಸಲವೂ ಬೆರಳು ತಡೆಯುತ್ತದೆ.

ಕಣ್ಣು ಮಂಜಾದ ಮೇಲೆ ಮೇಷ್ಟ್ರು ಅರಕಲಗೂಡಿಗೆ, ಮಗಳ ಮನೆಗೆ ಹೋದರು. ಕಳೆದ ಕಾರ್ತೀಕದಲ್ಲಿ ನೋಡಲು ಹೋಗಿದ್ದೆ. ಧ್ವನಿಯಿಂದಲೇ ಗುರುತು ಹಿಡಿದರು. ಬಹಳ ಹೊತ್ತು ನನ್ನ ಕೆಲಸದ ಬಗ್ಗೆ ಕೇಳಿದರು. ನಾನು ಹೊರಡುವಾಗ, “ನಿಮ್ಮಪ್ಪ ನನ್ ವಿಚಾರ ಏನಾರ ಮಾತಾಡ್ತಾರಾ?” ಅಂದರು.

ಮಾತಾಡುತ್ತಾರೆ ಎಂದು ಒಂದು ಸುಳ್ಳು ಹೇಳಬಹುದಿತ್ತು. “ಇಲ್ಲ ಸಾ” ಅಂದೆ.

“ಸರಿ ಬುಡವ್ವ” ಎಂದು ತಲೆಯಾಡಿಸಿದರು.

ಸಂಕ್ರಾಂತಿ ಕಳೆದ ವಾರ ಅವರ ಮಗಳು ಫೋನು ಮಾಡಿ, ಮೇಷ್ಟ್ರು ಹೋದರೆಂದರು. ಅಪ್ಪನಿಗೆ ತಿಳಿಸಿದೆ. ಅವರು ಕೆಲಸಕ್ಕೆ ಹೋಗದೆ, ಬಿಳಿ ಅಂಗಿ ಹಾಕಿಕೊಂಡು, “ನಡಿ” ಎಂದರು. ಹೊಳೆನರಸೀಪುರದಲ್ಲಿ ಬಸ್ಸು ಬದಲಾಯಿಸಿ ಅರಕಲಗೂಡು ತಲುಪಿದೆವು. ಅಪ್ಪ ಮನೆಯೊಳಗೆ ಬರಲಿಲ್ಲ. ರಸ್ತೆಯಾಚೆ ಒಂದು ಅಂಗಡಿಯ ಕಟ್ಟೆ ಹಿಡಿದು, ದೇಹ ಎತ್ತುವವರೆಗೂ ನಿಂತೇ ಇದ್ದರು.

ವಾಪಸು ಬರುವಾಗ ಬಸ್ಸು ಹೇಮಾವತಿಯ ಸೇತುವೆ ದಾಟುತ್ತಿತ್ತು. ಅಪ್ಪ ಕಿಟಕಿಯ ಕಡೆ ತಿರುಗಿಕೊಂಡೇ ಹೇಳಿದರು:

“ಸ್ಕ್ಯಾನ್ ಮಾಡಿದ್ ಆ ಎಣ್ಮಗ ನಂಗೆ ಕನ್ನಡದಲ್ಲೇ ಏಳಿತ್ತು ಕಣವ್ವ. ಸೋಮವಾರ ಡಾಕ್ಟ್ರಿಗೆ ತೋರ್ಸಿ, ತಪ್ಪಿಸ್ಬ್ಯಾಡಿ ಅಂತ. ಮೇಷ್ಟ್ರು ಏನೂ ಇಲ್ಲ ಅಂದ್ರಲ್ಲ, ಇನ್ಯಾಕ್ ಓಗದು ಅಂತ ನಾನೇ ಸುಮ್ಕಾದೆ. ನಿಮ್ಮವ್ವಂಗೂ ಏಳ್ಲಿಲ್ಲ.”

ಹನ್ನೊಂದು ವರ್ಷ ಮೇಷ್ಟ್ರು ಇಡೀ ತಪ್ಪನ್ನು ಒಬ್ಬರೇ ಹೊತ್ತಿದ್ದರು. ನಾನು ಬಸ್ಸಿನಲ್ಲಿ ತಿರುಗಿ ಹಿಂದೆ ನೋಡಿದೆ. ಹೋಗಿ ಹೇಳೋಣವೆಂದರೆ, ಕೇಳಬೇಕಾದವರು ಅರಕಲಗೂಡಿನಲ್ಲಿ ಇನ್ನಿರಲಿಲ್ಲ.