ಪಾರಾಗುವ ಕಲ್ಲಿನ ಲೆಕ್ಕ

ಮೊನ್ನೆ ಕೆಂಭಾವಿ ಸಂತೆಯಲ್ಲಿ ಹಗ್ಗ ಮಾರುವವನ ಬಳಿ ಒಂದು ಕವಣೆ ತೂಗುತ್ತಿತ್ತು. ಕೈಗೆ ತೆಗೆದುಕೊಂಡೆ. ಹೊಸ ನಾರಿನ ವಾಸನೆ ಮೂಗಿಗೆ ಬಡಿದದ್ದೇ ತಡ, ಸುರಪುರದ ನಮ್ಮ ಪಕ್ಕದ ಮನೆಯ ಆಪಾ ಕಣ್ಣೆದುರು ಬಂದಳು. ಅವಳ ತಮ್ಮ ಅಕ್ಕನನ್ನು ಹಾಗೆ ಕರೆಯುತ್ತಿದ್ದ, ನಾನೂ ಹಾಗೇ ಕರೆಯುತ್ತಿದ್ದೆ...

ಆಗ ನಾವಿಬ್ಬರೂ ಪಿಯುಸಿ ಫಿಸಿಕ್ಸಿನಲ್ಲಿ ಫೇಲು. ಅಪ್ಪ ನನ್ನನ್ನು ಜೋಳದ ಹೊಲದಲ್ಲಿ ಹಕ್ಕಿ ಕಾಯಲು ಅಟ್ಟಿದ್ದ. "ಮಾರ್ಚದಾಗ ಇನ್ನೊಮ್ಮಿ ಬರಿ. ಪಾಸಾದ್ರ ಕಾಲೇಜು, ಇಲ್ಲಂದ್ರ ಸುಮ್ಮ ಮಾವನ ಕೊಳ್ಳಾಗ ಮಾಲಿ ಹಾಕು" ಎಂದಿದ್ದ. ಆ ಸೋದರಮಾವನಿಗೆ ಆಗಲೇ ತಲೆ ಬೋಳಾಗಿತ್ತು. ಬಾವಿ ಕಂಡರೆ ಹಾರಿಕೊಳ್ಳೋಣ ಅನಿಸುತ್ತಿತ್ತು.

ಆಪಾಗೂ ನಿಕಾಹ್ ಗೊತ್ತಾಗಿತ್ತು. ಪಾಸಾದರೆ ಮುಂದೆ ಓದಿಸುತ್ತೇವೆ ಎಂದು ಹೈದರಾಬಾದಿನ ಗಂಡಿನವರು ಮಾತು ಕೊಟ್ಟಿದ್ದರು. ಅವಳಿಗೆ ಪಾಠವೆಲ್ಲ ಬರುತ್ತಿತ್ತು, ಪರೀಕ್ಷೆಗೆ ಕೂತರೆ ಎಲ್ಲ ಮರೆತುಹೋಗುತ್ತಿತ್ತು. ದಿನವೂ ಪುಸ್ತಕ ಹಿಡಿದು ನಮ್ಮ ಹೊಲಕ್ಕೇ ಬರುತ್ತಿದ್ದಳು.

ಭೂಮಿಯಿಂದ ಎಸೆದ ಕಲ್ಲು ತಿರುಗಿ ಬಾರದಿರಲು ಎಷ್ಟು ವೇಗ ಬೇಕು? ಈ ಲೆಕ್ಕ ನನ್ನ ತಲೆಗೆ ಹತ್ತುತ್ತಲೇ ಇರಲಿಲ್ಲ. ಪ್ರತಿ ಸಲ ಎತ್ತರದ ಶಕ್ತಿಗೆ ಎಂ ಜಿ ಹೆಚ್ ಎಂದೇ ಬರೆಯುತ್ತಿದ್ದೆ, ಪ್ರತಿ ಸಲ ಕಲ್ಲು ವಾಪಸು ಬೀಳುತ್ತಿತ್ತು. ಒಂದು ದಿನ ಆಪಾ ಕವಣೆ ಬೀಸಿ ಕಲ್ಲು ಬಿಟ್ಟಳು. ಗುಬ್ಬಿಗಳು ಭರ್ರನೆ ಎದ್ದವು.

"ಹುಚ್ಚಿ, ನಿನ್ನ ಲೆಕ್ಕದಾಗ ಯಾವ ಕಲ್ಲೂ ಪಾರಾಗಂಗಿಲ್ಲ. ಭೂಮಿ ಎಲ್ಲಾ ಕಡಿ ಒಂದೇ ಸಮ ಎಳಿತದ ಅಂತ ಹಿಡದೀದಿ. ಮ್ಯಾಲ ಹೋದಂಗ ಹೋದಂಗ ಎಳೆತ ಕಮ್ಮಿ ಆಗ್ತದ."

"ದಾರಿ ತುಂಬ ವೇಗ ಬದಲಾಗಾಕತ್ರ ನಾ ಹೆಂಗ ಲೆಕ್ಕ ಹಾಕ್ಲಿ?"

"ದಾರಿ ಗೊಡವಿ ನಮಗ್ಯಾಕ? ಬಿಡಾಗ ಇದ್ದ ಒಟ್ಟು ಶಕ್ತಿ, ಕಡೀಕ ಇದ್ದ ಒಟ್ಟು ಶಕ್ತಿ, ಎರಡೂ ಒಂದೇ. ಕಡೀಕ ಸೊನ್ನಿ ಉಳದ್ರೂ ಸಾಕು, ಅದು ಪಾರು."

ಮಣ್ಣಿನಲ್ಲಿ ಕಡ್ಡಿಯಿಂದ ಬರೆದಳು. ಎರಡೂ ಬದಿಯಲ್ಲಿ ಕಲ್ಲಿನ ದ್ರವ್ಯರಾಶಿ ಹೊಡೆದುಹೋಯಿತು. "ನೋಡು, ದೊಡ್ಡ ಗುಂಡಾಗ್ಲಿ ಸಣ್ಣ ಹರಳಾಗ್ಲಿ, ಬೇಕಾದ ವೇಗ ಒಂದೇ" ಎಂದಳು. ನನಗೆ ಆ ಕ್ಷಣ ತಿಳಿಯಿತು. ತಿಳಿದ ಖುಷಿಗೆ ಗಳಗಳನೆ ಅತ್ತೆ.

ಪರೀಕ್ಷೆಯಲ್ಲಿ ಅದೇ ಪ್ರಶ್ನೆ ಬಂತು. ಆಪಾ ಬಂದಿರಲಿಲ್ಲ. ಗಂಡಿನವರು ಅವಸರ ಮಾಡಿ, ಹಿಂದಿನ ವಾರವೇ ನಿಕಾಹ್ ಮುಗಿಸಿ ಕರೆದೊಯ್ದಿದ್ದರು. ಕೆಲವೇ ದಿನಗಳಲ್ಲಿ ಅವಳ ತವರಿನವರೂ ಹೈದರಾಬಾದಿಗೆ ಹೋದರು. ಯಾರ ಹತ್ತಿರವೂ ಅವರ ನಂಬರು ಇರಲಿಲ್ಲ...

ಸಂತೆಯಲ್ಲಿ ಯಾರೋ "ಅಕ್ಕಾರ..." ಎಂದು ಕರೆದರು. ಬಟ್ಟೆ ಹರವಿಕೊಂಡು ಕೂತಿದ್ದ ಗಡ್ಡದವನು. ಆಪಾಳ ತಮ್ಮ!

"ಆಪಾ ಎಲ್ಲಿ ಅದಾಳಪಾ?" ಎಂದೆ.

"ಎರಡನೇ ಹೆರಿಗಿಯೊಳಗ ಹೋದ್ಲುರಿ..." ಅವನು ಬಟ್ಟೆ ಮಡಚುತ್ತಲೇ ಹೇಳಿದ. "ಫೋನ್ ಹಚ್ಚಿದಾಗೆಲ್ಲ ನಿಮ್ದೇ ಕೇಳ್ತಿದ್ಲು. ಸುರಪುರಕ್ಕ ಹೋದ್ರ ಆಕಿ ಪಾಸಾದ್ಲೇನು ಕೇಳ್ಕೊಂಡ್ ಬಾ ಅಂತಿದ್ಲು. ಆಗ ನನಗ ಈ ಕಡಿ ಬರೂದೇ ಆಗ್ಲಿಲ್ರಿ."

ಪಾಸಾದೆ ಎಂದೆ. ಈಗ ಯಾದಗಿರಿಯ ಕಾಲೇಜಿನಲ್ಲಿ ಅದೇ ಫಿಸಿಕ್ಸ್ ಕಲಿಸುತ್ತೇನೆ ಎಂದೆ.

"ಛಲೋ ಆತ್ರಿ" ಎಂದು ಅವನು ಗಿರಾಕಿಯ ಕಡೆ ತಿರುಗಿದ. ನಾನು ಅಲ್ಲೇ ನಿಂತಿದ್ದೆ. ಕೇಳಿದವಳಿಗೆ ಉತ್ತರ ಮುಟ್ಟಲೇ ಇಲ್ಲ.