ಯಾರೂ ಮೆಚ್ಚದ ಐದನೇ ಭಾಗ

ಗೆಳೆಯರೇ, ಇವತ್ತು ಬೆಳಿಗ್ಗೆ ಖಜೂರಿ ಊರಿನ ಬಸ್ಸಿನಲ್ಲಿ ನಾನು ಕಲಿಸುವ ಶಾಲೆಯ ಗಣಿತದ ಶಬಾನಾ ಮೇಡಂ ನನ್ನ ಪಕ್ಕದ ಸೀಟಿನಲ್ಲಿ ವಿಡಿಯೋ ಗೇಮ್ ಆಡುತ್ತಿದ್ದರು. ವಿಚಿತ್ರ ಪ್ರಾಣಿಗಳನ್ನು ಹಿಡಿದು, ಸಾಕಿ, ಕಾದಾಡಿಸುವ ಆ ಹಳೆಯ ಸರಣಿ. ಅದರಲ್ಲೂ ಎಲ್ಲರೂ ಬೈಯುವ, ನಾನೂ ಹಿಂದೊಮ್ಮೆ ಇಲ್ಲೇ ಪೋಸ್ಟ್ ಹಾಕಿ ಬೈದಿದ್ದ ಐದನೇ ಭಾಗ.

“ಇದು ಎಲ್ಲಾದಕ್ಕಿಂತ ಖರಾಬ್ ಐತ್ರಿ. ನಮ್ಮ ಹಳೇ ಪ್ರಾಣಿ ಒಂದೂ ಇದರಾಗ ಸಿಗಂಗಿಲ್ಲ,” ಎಂದೆ.

“ನೀವು ಎಲ್ಲಿತನಕ ಆಡೀರಿ?”

“ಆಟದಾಗಿನ ಎರಡನೇ ಊರಿನ ತನಕ.”

“ಎರಡೇ ಉತ್ತರ ಓದಿ ಹುಡುಗರನ್ನ ಫೇಲ್ ಮಾಡ್ತೀರೇನ್ರಿ ಸರ್?”

ಮುಂದೆ ಕಬ್ಬಿನ ಲಾರಿ ಅಡ್ಡ ನಿಂತು ಬಸ್ಸು ಅಲ್ಲಾಡಲಿಲ್ಲ. ಅವರು ಗೇಮನ್ನು ನನ್ನ ಕೈಗಿಟ್ಟರು. ಗುರುತಿನ ಪ್ರಾಣಿ ಒಂದೂ ಇಲ್ಲದ್ದರಿಂದ, ಎದುರು ಬಂದದ್ದು ಯಾವುದಕ್ಕೆ ಹೆದರುತ್ತದೆ ಎಂದು ನೋಡಿ ನೋಡಿಯೇ ಕಲಿಯಬೇಕಾಯಿತು. ಮೂರು ಸಲ ಸೋತೆ. ನಾಲ್ಕನೇ ಸಲ ಗೆದ್ದಾಗ ಎಂಥಾ ಕೂಗು ಹಾಕಿದೆನೆಂದರೆ ಕಂಡಕ್ಟರ್ ಸೀಟಿ ಊದಿಬಿಟ್ಟ.

“ಈಗ ಹೇಳ್ರಿ,” ಎಂದರು ಮೇಡಂ.

“ತಪ್ಪಾತ್ರಿ. ಇದು ಭಾಳ ಚಲೋ ಐತಿ.”

“ನನಗ್ಯಾಕ ಹೇಳ್ತೀರಿ? ಪೋಸ್ಟ್ ಹಾಕಿ ಬೈದಿದ್ರಲ್ಲ, ಅಲ್ಲೇ ಹೇಳ್ರಿ.”

ಇಗೋ, ಹೇಳಿದ್ದೇನೆ. ಅಂದು ಆ ಬೈಗುಳಕ್ಕೆ ಲೈಕ್ ಒತ್ತಿದ ನಿಮ್ಮಲ್ಲೂ ಯಾರೂ ಅದನ್ನು ಪೂರ್ತಿ ಆಡಿರಲಿಲ್ಲ ಎಂಬ ಅನುಮಾನ ಈಗ ನನಗೆ ಬಲವಾಗಿದೆ.